ಹಾಟ್ ಚೇಂಬರ್ ಮಷಿನ್‌ನಲ್ಲಿ ಅಲ್ಯೂಮಿನಿಯಂ ಹೊಡೀಬಹುದಾ? ಪಂಪ್ ಮೋಟರ್ ಕವರ್‌ಗೆ ಯಾವ ಡೈ ಕಾಸ್ಟಿಂಗ್ ಸರಿ?

ಪ್ರಶ್ನೆ: ಸರ್, ನಮ್ದು ದಾವಣಗೆರೆ-ಹರಿಹರ ರೋಡಲ್ಲಿ ಸಣ್ಣ ವರ್ಕ್‌ಶಾಪ್. ಎರಡು ಲೇತ್, ಒಂದು ವಿಎಂಸಿ, ಒಂದು ರೇಡಿಯಲ್ ಡ್ರಿಲ್ ಇದೆ. 3 ಎಚ್‌ಪಿ, 5 ಎಚ್‌ಪಿ ಮಾನೋಬ್ಲಾಕ್ (ಪಂಪು ಮೋಟರು ಒಂದೇ ಆಗಿರೋದು) ಮೋಟರ್‌ಗಳ ಎಂಡ್ ಕವರ್‌ನ (ಮೋಟರಿನ ತುದಿ ಮುಚ್ಚಿ ಬೇರಿಂಗ್ ಹಿಡಿಯೋ ಭಾಗ) ಬೀಡಿನ (ಕ್ಯಾಸ್ಟ್ ಐರನ್) ಎರಕ ತರಿಸ್ಕೊಂಡು ಮಷಿನಿಂಗ್ ಮಾಡಿ ಕೊಡ್ತೀವಿ, ನಾಲ್ಕು ಸೈಜ್ ಸೇರಿ ತಿಂಗಳಿಗೆ ಹೆಚ್ಚುಕಮ್ಮಿ 400 ಪೀಸ್. ಈಗ ಪಾರ್ಟಿಯವರು ತೂಕ ಕಮ್ಮಿ ಮಾಡಿ, ಅಲ್ಯೂಮಿನಿಯಂ ಡೈ ಕಾಸ್ಟಿಂಗಲ್ಲಿ (ಮರಳಿನ ಬದಲು ಡೈ ಅನ್ನೋ ಲೋಹದ ಅಚ್ಚಿನಲ್ಲಿ ಎರಕ) ಕೊಡಿ ಅಂತಿದಾರೆ. ಒಬ್ಬ ಬ್ರೋಕರ್ 160 ಟನ್ನಿನ ಹಳೇ ಹಾಟ್ ಚೇಂಬರ್ ಮಷಿನ್ ತೋರ್ಸಿದಾನೆ, ಗೂಸ್‌ನೆಕ್ (ಕರಗಿದ ಲೋಹವನ್ನ ಡೈಗೆ ಒಯ್ಯೋ ಬಾಗಿದ ಕೊಳವೆ) ಚೇಂಜ್ ಮಾಡಿದ್ರೆ ಅಲ್ಯೂಮಿನಿಯಂ ಕೂಡ ಹೊಡೀಬಹುದು ಅಂತಾನೆ, ಈ ವಾರವೇ ಟೋಕನ್ ಕೇಳ್ತಿದಾನೆ. ನಮ್ಮ ಮಾವನವರು ಡೈ ಕಾಸ್ಟಿಂಗ್ ಅಂದ್ರೆ ಪುಡಿಪುಡಿ ಆಗೋ ಮಾಲು, ಬೇಡ ಅಂತಾರೆ. ಸ್ಯಾಂಪಲ್‌ಗೆ ಅಂತ ಬೇರೆಯವರ ಹತ್ರ ಎಡಿಸಿ 12 ಅನ್ನೋ ಅಲ್ಯೂಮಿನಿಯಂ ಅಲಾಯಲ್ಲಿ ಸ್ವಲ್ಪ ಪೀಸ್ ಹೊಡೆಸಿದ್ವಿ, ಬೇರಿಂಗ್ ಸೀಟ್ ಬೋರ್ ಮಾಡಿದ ಮೇಲೆ ಒಳಗೆ ಸಣ್ಣ ಸಣ್ಣ ತೂತು ಕಾಣಿಸ್ತು, ಪೌಡರ್ ಕೋಟಿಂಗ್‌ಗೆ ಕಳ್ಸಿದ್ರೆ ಎರಡು ಪೀಸ್ ಮೇಲೆ ಗುಳ್ಳೆ ಎದ್ದಿತ್ತು. ಸಾಲ ಮಾಡಿ ಮಷಿನ್ ತಗೊಳ್ಳೋದಾ ಬೇಡವಾ, ಯಾವ ಟೈಪ್ ಡೈ ಕಾಸ್ಟಿಂಗ್ ನಮ್ಮಂಥವರಿಗೆ ಆಗುತ್ತೆ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ಟೋಕನ್ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅದಕ್ಕೆ ಟೈಮ್ ಕಮ್ಮಿ ಇದೆ. ಕೊಡಬೇಡಿ. ಆ ಮಷಿನ್ ಕೆಟ್ಟದ್ದು ಅಂತಲ್ಲ, ಒಳ್ಳೇ ಕಂಡೀಷನ್ನಲ್ಲೇ ಇರಬಹುದು, ಆದ್ರೆ ಅದು ನಿಮ್ಮ ಕೆಲಸದ ಮಷಿನ್ ಅಲ್ಲ. ಗೂಸ್‌ನೆಕ್ ಬದಲಾಯಿಸಿ ಅಲ್ಯೂಮಿನಿಯಂ ಹೊಡೀಬಹುದು ಅನ್ನೋ ಮಾತಿದೆಯಲ್ಲ, ಅದನ್ನ ನಂಬಿ ದುಡ್ಡು ಹಾಕಿದವರನ್ನ ನಾನು ನೋಡಿದೀನಿ, ಆಮೇಲೆ ಅದೇ ಮಷಿನ್ ಶೆಡ್ಡಿನ ಮೂಲೇಲಿ ತಾಡಪಾಲು ಹೊದ್ದುಕೊಂಡು ನಿಂತಿರುತ್ತೆ, ಕಂತು ಮಾತ್ರ ಪ್ರತಿ ತಿಂಗಳೂ ಕಟ್ತಾ ಇರಬೇಕು.

ಯಾಕೆ ಆಗಲ್ಲ ಅಂತ ಹೇಳ್ತೀನಿ. ಹಾಟ್ ಚೇಂಬರ್ ಅಂದ್ರೆ ಲೋಹ ಕರಗಿಸೋ ಪಾತ್ರೆ ಮಷಿನ್ನಿನ ಭಾಗವಾಗೇ ಇರುತ್ತೆ, ಗೂಸ್‌ನೆಕ್ಕು, ಲೋಹ ತಳ್ಳೋ ಪ್ಲಂಜರ್ರು ಎರಡೂ ಕರಗಿದ ಲೋಹದೊಳಗೇ ದಿನವಿಡೀ ಮುಳುಗಿರುತ್ತೆ. ಜಿಂಕ್‌ಗೆ, ಅಂದ್ರೆ ಝಮಾಕ್ ಅಲಾಯ್‌ಗೆ, ಇದು ಸರಿ ಹೋಗುತ್ತೆ ಯಾಕಂದ್ರೆ ಝಮಾಕ್ 3 ಕರಗೋದು 385 ಡಿಗ್ರಿ ಆಸುಪಾಸು, ಪಾತ್ರೇಲಿ 420-430 ಡಿಗ್ರಿ ಇಟ್ರೆ ಸಾಕು, ಅಷ್ಟು ಶಾಖದಲ್ಲಿ ಅದು ಕಬ್ಬಿಣವನ್ನ ಹೆಚ್ಚು ತಿನ್ನಲ್ಲ. ಅಲ್ಯೂಮಿನಿಯಂ ಹಾಗಲ್ಲ ನೋಡ್ರಿ. ಅದನ್ನ 650-680 ಡಿಗ್ರಿಗೆ ಕಾಯಿಸಬೇಕು, ಆ ಶಾಖದಲ್ಲಿ ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನೇ ಕರಗಿಸಿಕೊಳ್ಳುತ್ತೆ. ಗೂಸ್‌ನೆಕ್ ಸವೆಯುತ್ತೆ, ಪ್ಲಂಜರ್ ಹಿಡ್ಕೊಳ್ಳುತ್ತೆ, ಅದಕ್ಕಿಂತ ಕೆಟ್ಟದ್ದು ಅಂದ್ರೆ ಆ ಕಬ್ಬಿಣ ನಿಮ್ಮ ಲೋಹದೊಳಗೆ ಸೇರಿ ಸೂಜಿ ಸೂಜಿ ಥರ ಗಟ್ಟಿ ಕಣ ಆಗಿ ಕೂತು ಪೀಸನ್ನೇ ಬಿರುಸು ಮಾಡುತ್ತೆ. ಹೊಸ ಗೂಸ್‌ನೆಕ್ ಹಾಕಿದ್ರೆ ಹೊಸದೂ ಹಾಗೇ ಹೋಗುತ್ತೆ. ಅದಕ್ಕೇ ಅಲ್ಯೂಮಿನಿಯಂಗೆ ಕೋಲ್ಡ್ ಚೇಂಬರ್ ಮಷಿನ್ ಬಂದಿದ್ದು, ಅದರಲ್ಲಿ ಭಟ್ಟಿ ಬೇರೆ ಮಷಿನ್ ಬೇರೆ, ಒಂದು ಶಾಟ್‌ಗೆ, ಅಂದ್ರೆ ಒಂದು ಸಲ ಹೊಡೆಯೋಕೆ, ಎಷ್ಟು ಬೇಕೋ ಅಷ್ಟನ್ನ ಸೌಟಿನಲ್ಲಿ ತಂದು ಶಾಟ್ ಸ್ಲೀವ್ ಅನ್ನೋ ಕೊಳವೆಗೆ ಸುರೀತಾರೆ, ಪ್ಲಂಜರ್ ತಳ್ಳುತ್ತೆ, ಲೋಹ ಅಲ್ಲಿ ಇರೋದೇ ಕೆಲವೇ ಸೆಕೆಂಡು.

ಇನ್ನು ಟನ್ನಿನ ಲೆಕ್ಕ. 160 ಟನ್ ಅಂದ್ರೆ ಡೈ ಎರಡು ಭಾಗವನ್ನ ಒತ್ತಿ ಹಿಡಿಯೋ ಶಕ್ತಿ, ಎಷ್ಟು ತೂಕದ ಪೀಸ್ ಬರುತ್ತೆ ಅನ್ನೋದಲ್ಲ. ನಿಮ್ಮ 5 ಎಚ್‌ಪಿ ಕವರ್ 20 ಸೆಂಟಿಮೀಟರ್ ಅಗಲದ್ದು ಅಂತ ಇಟ್ಕೊಳ್ಳಿ. ಎದುರಿಂದ ನೋಡಿದಾಗ ಅದರ ವಿಸ್ತೀರ್ಣ 314 ಚದರ ಸೆಂಟಿಮೀಟರ್, ರನ್ನರ್ರು (ಲೋಹ ಹರಿದು ಬರೋ ದಾರಿ), ಓವರ್‌ಫ್ಲೋ (ಹೆಚ್ಚಾದ ಲೋಹ ಹೋಗೋ ಗುಂಡಿ) ಅಂತ ಇನ್ನೊಂದು ಕಾಲು ಭಾಗ ಸೇರಿಸಿದ್ರೆ 390 ಆಯ್ತು. ಅಲ್ಯೂಮಿನಿಯಂಗೆ ಚದರ ಸೆಂಟಿಮೀಟರಿಗೆ 500 ಕೆಜಿ ಒತ್ತಡ ಹಿಡಿದ್ರೆ 195 ಟನ್ ಬಲ ಡೈಯನ್ನ ಬಿಚ್ಚೋಕೆ ನೋಡುತ್ತೆ, ಸೇಫ್ಟಿಗೆ ಇನ್ನು ಸ್ವಲ್ಪ ಬಿಟ್ರೆ 250 ಟನ್ ಮಷಿನ್ ಬೇಕು. ಅಂದ್ರೆ ಅದು ಕೋಲ್ಡ್ ಚೇಂಬರ್ರೇ ಆಗಿದ್ರೂ 160 ಟನ್ನಲ್ಲಿ ನಿಮ್ಮ ದೊಡ್ಡ ಕವರ್ ಹೊಡೆದ್ರೆ ಡೈ ಬಾಯಿ ಬಿಟ್ಟು ಎರಡು ಭಾಗ ಸೇರೋ ಪಾರ್ಟಿಂಗ್ ಲೈನಿಂದ ಕರಗಿದ ಲೋಹ ಚಿಮ್ಮುತ್ತೆ. ಯಾವ ಮಷಿನ್ ನೋಡೋಕೆ ಹೋದ್ರೂ ಈ ಲೆಕ್ಕ ಕಿಸೇಲಿ ಇಟ್ಕೊಂಡೇ ಹೋಗಿ.

ಈಗ ಮಾವನವರ ಮಾತಿಗೆ ಬರ್ತೀನಿ, ಅವರು ಸುಮ್ಮನೆ ಹೇಳ್ತಿಲ್ಲ, ಅವರು ನೋಡಿರೋದನ್ನೇ ಹೇಳ್ತಿದಾರೆ. ಹಳೇ ಕಾಲದ ಬಾಗಿಲ ಹಿಡಿ, ಆಟದ ಸಾಮಾನು, ಸಣ್ಣ ಮಷಿನ್‌ಗಳ ಬಾಡಿ ಕೆಲವು ವರ್ಷ ಆದ ಮೇಲೆ ತಾನಾಗೇ ಬಿರುಕು ಬಿಟ್ಟು ಉದುರ್ತಿತ್ತು, ನಿಜ. ಅದರ ಕಾರಣ ಡೈ ಕಾಸ್ಟಿಂಗ್ ವಿಧಾನ ಅಲ್ಲ, ಲೋಹದೊಳಗಿನ ಕಲಬೆರಕೆ. ಜಿಂಕ್ ಅಲಾಯಲ್ಲಿ ಸೀಸ, ತವರ, ಕ್ಯಾಡ್ಮಿಯಂ ಸ್ವಲ್ಪವೇ ಸೇರಿದ್ರೂ ತೇವದ ಹವೆಯಲ್ಲಿ ಕಣಗಳ ನಡುವಿನ ಗಡಿಯಲ್ಲೇ ತುಕ್ಕು ಹಿಡಿಯೋಕೆ ಶುರುವಾಗುತ್ತೆ, ಪೀಸ್ ಊದಿಕೊಂಡು ಒಡೆಯುತ್ತೆ. ಇದು ಗೊತ್ತಾದ ಮೇಲೆ ಅಮೆರಿಕದ ನ್ಯೂ ಜೆರ್ಸಿ ಜಿಂಕ್ ಕಂಪನಿಯವರು 99.99 ಶುದ್ಧ ಜಿಂಕ್‌ಗೆ ಸುಮಾರು 4 ಪರ್ಸೆಂಟ್ ಅಲ್ಯೂಮಿನಿಯಂ, ಚೂರೇ ಚೂರು ಮೆಗ್ನೀಷಿಯಂ ಸೇರಿಸಿ 1929ರಲ್ಲಿ ಝಮಾಕ್ ಅಂತ ತಂದ್ರು. ಸರಿಯಾದ ಇಂಗಾಟಿಂದ (ಕರಗಿಸೋಕೆ ಬರೋ ಲೋಹದ ಗಟ್ಟಿ) ಮಾಡಿದ ಝಮಾಕ್ 3 ಎಳೆತಕ್ಕೆ 280 ಎಂಪಿಎ (ಮೆಗಾಪಾಸ್ಕಲ್, ಒತ್ತಡದ ಅಳತೆ) ತಡಿಯುತ್ತೆ, ಮುರಿಯೋ ಮೊದಲು 10 ಪರ್ಸೆಂಟ್ ಹತ್ರ ಹಿಗ್ಗುತ್ತೆ. ಎಡಿಸಿ 12 ಸುಮಾರು 300 ಎಂಪಿಎ. ನೀವು ಈಗ ತರಿಸೋ ಬೀಡು ಎಫ್‌ಜಿ 200 ಗ್ರೇಡ್ ಆಗಿದ್ರೆ ಅದರ ಲೆಕ್ಕ 200 ಎಂಪಿಎ, ಹಿಗ್ಗೋದು ಅನ್ನೋದೇ ಇಲ್ಲ, ಬಿದ್ರೆ ನೇರ ಒಡೆಯೋದೇ. ಹಾಗಾಗಿ ಡೈ ಕಾಸ್ಟಿಂಗ್ ಅಂದ ಕೂಡ್ಲೆ ಪುಡಿಪುಡಿ ಆಗೋ ಮಾಲು ಅನ್ನೋದು ತಪ್ಪು. ಆದ್ರೆ ಗುಜರಿ ಕರಗಿಸಿ ಹೊಡೆದ ಮಾಲಿನ ಬಗ್ಗೆ ಅವರ ಭಯ ಇವತ್ತಿಗೂ ಸರಿಯೇ, ಇಂಗಾಟಿನ ಟೆಸ್ಟ್ ಸರ್ಟಿಫಿಕೇಟ್ ಕೇಳದೆ ಮಾಲು ತಗೋಬೇಡಿ.

ನಮ್ಮ ಕಡೆ ಈ ಅನುಮಾನ ಜಾಸ್ತಿ ಇರೋದಕ್ಕೆ ಇನ್ನೊಂದು ಕಾರಣ ಇದೆ ಅನ್ಸುತ್ತೆ ನನಗೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗ್ತಿದ್ದ ಊರು ನಮ್ಮದು, ಇಲ್ಲಿನ ಕೈಗಳಿಗೆ ಬೀಡು ಗೊತ್ತು, ಮರಳಿನ ಎರಕ ಗೊತ್ತು, ಲೇತ್ ಬೆಡ್‌ನಂಥ ಭಾರಿ ಮಾಲಿಗೆ ಅದೇ ಸರಿ ಕೂಡ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗೋ ಗಾಳಿಯಂತ್ರಗಳ ಹಬ್ ಇದೆಯಲ್ಲ, ಅದನ್ನೂ ಮರಳಿನಲ್ಲೇ ಎಸ್‌ಜಿ ಐರನ್ (ಸುಲಭಕ್ಕೆ ಒಡೆಯದ ಬೀಡು) ಸುರಿದು ಮಾಡೋದು, ಅಷ್ಟು ದೊಡ್ಡದನ್ನ ಯಾರೂ ಡೈಯಲ್ಲಿ ಮಾಡಲ್ಲ. ಸಾವಿರಗಟ್ಟಲೆ ಒಂದೇ ಥರದ ಸಣ್ಣ, ತೆಳು ಪೀಸ್ ಬೇಕು ಅಂದಾಗಲೇ ಡೈಗೆ ಅರ್ಥ ಬರೋದು.

ನಿಮ್ಮ ಸ್ಯಾಂಪಲ್‌ನ ತೂತು ಮತ್ತು ಗುಳ್ಳೆ. ಇದೇ ಮುಖ್ಯ, ಇದನ್ನ ಅರ್ಥ ಮಾಡ್ಕೊಂಡ್ರೆ ಯಾವ ಟೈಪ್ ಬೇಕು ಅನ್ನೋದು ಅರ್ಧ ತೀರ್ಮಾನ ಆದಂಗೆ.

ಪ್ರೆಷರ್ ಡೈ ಕಾಸ್ಟಿಂಗಲ್ಲಿ, ಅಂದ್ರೆ ಮೇಲೆ ಹೇಳಿದ ಹಾಟ್ ಚೇಂಬರ್, ಕೋಲ್ಡ್ ಚೇಂಬರ್ ಎರಡರಲ್ಲೂ, ಲೋಹ ಗೇಟಿನಿಂದ (ಡೈಯೊಳಗೆ ಹೋಗೋ ಬಾಯಿ) ಸೆಕೆಂಡಿಗೆ 30ರಿಂದ 60 ಮೀಟರ್ ವೇಗದಲ್ಲಿ ನುಗ್ಗುತ್ತೆ, ಡೈ ತುಂಬೋದಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಕಾಗಲ್ಲ ಬಹಳ ಸಲ. ಅಷ್ಟು ವೇಗದಲ್ಲಿ ಬರುವಾಗ ಒಳಗಿದ್ದ ಗಾಳಿ, ಡೈಗೆ ಹೊಡೆದ ಸ್ಪ್ರೇಯ ಆವಿ ಎಲ್ಲಾ ಪೂರ್ತಿ ಹೊರಗೆ ಹೋಗೋಕೆ ಆಗಲ್ಲ, ಸ್ವಲ್ಪ ಪೀಸೊಳಗೇ ಸಿಕ್ಕಿಹಾಕ್ಕೊಳ್ಳುತ್ತೆ, ಒತ್ತಡದಲ್ಲೇ. ಮೇಲಿನ ಚರ್ಮ ಡೈಗೆ ತಾಗಿ ತಕ್ಷಣ ಗಟ್ಟಿಯಾಗೋದ್ರಿಂದ ಅದು ಒತ್ತಾಗಿ, ಚೆನ್ನಾಗಿ ಬರುತ್ತೆ, ತೊಂದ್ರೆ ಇರೋದು ನಡು ಭಾಗದಲ್ಲಿ. ನೀವು ಬೇರಿಂಗ್ ಸೀಟನ್ನ ಎರಡು ಮೂರು ಮಿಲಿಮೀಟರ್ ತೆಗೆದು ಬೋರ್ ಮಾಡಿದ್ರೆ ಆ ಒಳ್ಳೇ ಚರ್ಮ ಪೂರ್ತಿ ಹೋಗಿ ಒಳಗಿನ ತೂತು ಬಯಲಿಗೆ ಬರುತ್ತೆ. ಅದಕ್ಕೇ ಪ್ರೆಷರ್ ಡೈ ಮಾಲಿಗೆ ಮಷಿನಿಂಗ್ ಅಲವೆನ್ಸ್ (ಕೊರೆದು ತೆಗೆಯೋಕೆ ಬಿಡೋ ದಪ್ಪ) ಅರ್ಧ ಮಿಲಿಮೀಟರ್ ಒಳಗೇ ಇಡೋದು. ಬೀಡಿನ ಡ್ರಾಯಿಂಗನ್ನೇ ಕೊಟ್ಟು ಹೊಡೆಸಿದ್ರೆ ಹೀಗೇ ಆಗೋದು. ಇನ್ನೊಂದು, ಬೇರಿಂಗ್ ಹಬ್ (ಬೇರಿಂಗ್ ಕೂರೋ ನಡು ಭಾಗ) ದಪ್ಪ ಇರುತ್ತೆ, ಸುತ್ತಲ ಗೋಡೆ ತೆಳು ಇರುತ್ತೆ, ತೆಳು ಜಾಗ ಮೊದಲು ಹೆಪ್ಪುಗಟ್ಟಿ ದಾರಿ ಮುಚ್ಚುತ್ತೆ, ದಪ್ಪ ಜಾಗ ಕುಗ್ಗುವಾಗ ಅದಕ್ಕೆ ಲೋಹ ಸಿಗಲ್ಲ, ಅಲ್ಲೂ ತೂತು. ಉರುಟಾಗಿ, ಒಳಗೆ ನುಣ್ಣಗೆ ಹೊಳೆಯೋ ತೂತು ಗಾಳಿಯದ್ದು, ಒರಟಾಗಿ ಸೊಟ್ಟಸೊಟ್ಟ ಇದ್ರೆ ಕುಗ್ಗಿದ್ದು, ಒಂದು ಲೆನ್ಸ್ ಇಟ್ಟು ನೋಡಿದ್ರೆ ನಿಮಗೇ ಗೊತ್ತಾಗುತ್ತೆ.

ಗುಳ್ಳೆದೂ ಅದೇ ಕಥೆ. ಪೌಡರ್ ಕೋಟಿಂಗ್ ಓವನ್ 180-200 ಡಿಗ್ರಿ ಇರುತ್ತೆ, ಒಳಗೆ ಸಿಕ್ಕಿಹಾಕ್ಕೊಂಡ ಗಾಳಿ ಕಾದು ಹಿಗ್ಗಿ, ಮೆತ್ತಗಾದ ಲೋಹವನ್ನ ಎಣ್ಣೆಗೆ ಬಿದ್ದ ಪೂರಿ ಥರ ಮೇಲಕ್ಕೆ ಎತ್ತುತ್ತೆ. ಇದೇ ಕಾರಣಕ್ಕೆ ಸಾಮಾನ್ಯ ಪ್ರೆಷರ್ ಡೈ ಮಾಲಿಗೆ ಟಿ6 ಹೀಟ್ ಟ್ರೀಟ್‌ಮೆಂಟ್ (ಕಾಯಿಸಿ ಗಟ್ಟಿ ಮಾಡೋದು) ಕೊಡೋಕಾಗಲ್ಲ, ಅಲ್ಲಿ 500 ಡಿಗ್ರಿ ಮೇಲೆ ಗಂಟೆಗಟ್ಟಲೆ ಇಡಬೇಕು. ವೆಲ್ಡಿಂಗ್ ಮಾಡಿ ರಿಪೇರಿ ಮಾಡೋದೂ ಕಷ್ಟ. ಇದಕ್ಕೆ ದಾರಿ ಇಲ್ಲ ಅಂತಲ್ಲ, ಶಾಟ್ ಹೊಡೆಯೋ ಮೊದಲು ಡೈಯೊಳಗಿನ ಗಾಳಿ ಎಳೆದು ತೆಗೆಯೋ ವ್ಯಾಕ್ಯೂಮ್ ಡೈ ಕಾಸ್ಟಿಂಗ್ ಇದೆ, ನಿಧಾನಕ್ಕೆ ತುಂಬಿಸಿ ಆಮೇಲೆ ಭಾರಿ ಒತ್ತಡ ಕೊಡೋ ಸ್ಕ್ವೀಜ್ ಕಾಸ್ಟಿಂಗ್ ಇದೆ, ಲೀಕ್ ಆಗೋ ಮಾಲಿಗೆ ವ್ಯಾಕ್ಯೂಮ್‌ನಲ್ಲಿ ರೆಸಿನ್ ತುಂಬಿಸೋ ಇಂಪ್ರೆಗ್ನೇಷನ್ ಇದೆ. ಕಾರಿನ ಭಾಗ ಮಾಡೋ ದೊಡ್ಡ ಕಂಪನಿಗಳಿಗೆ ಸರಿ, ಎಂಡ್ ಕವರ್‌ಗೆ ಅಷ್ಟು ಖರ್ಚು ಹೊರೆಯಾಗುತ್ತೆ.

ಹಾಗಾದ್ರೆ ಯಾವುದು ಯಾವುದಕ್ಕೆ? ಜಿಂಕ್ ಹಾಟ್ ಚೇಂಬರ್ ಸಣ್ಣ, ನಾಜೂಕಿನ, ಕ್ರೋಮ್ ಹಾಕೋ ಮಾಲಿಗೆ: ಬೀಗದ ಬಾಡಿ, ಬಾಗಿಲ ಹಿಡಿ, ಜಿಪ್ಪಿನ ಸ್ಲೈಡರ್, ಸಣ್ಣ ಗೇರ್. ಗೋಡೆ 1 ಮಿಲಿಮೀಟರ್ ಇದ್ರೂ ತುಂಬುತ್ತೆ, ಡೈ ಅಲ್ಯೂಮಿನಿಯಂ ಡೈಗಿಂತ ಎಷ್ಟೋ ಪಟ್ಟು ಬಾಳುತ್ತೆ. ಆದ್ರೆ ತೂಕ ಜಾಸ್ತಿ, ಮತ್ತೆ 100 ಡಿಗ್ರಿ ಹತ್ರ ಸದಾ ಲೋಡಲ್ಲಿ ಇಟ್ರೆ ನಿಧಾನಕ್ಕೆ ಜಗ್ಗುತ್ತೆ, ಮೋಟರ್ ಕವರ್‌ಗೆ ಬೇಡವೇ ಬೇಡ. ಅಲ್ಯೂಮಿನಿಯಂ ಕೋಲ್ಡ್ ಚೇಂಬರ್ ಅಂದ್ರೆ ಬೈಕಿನ ಎಂಜಿನ್ ಕೇಸು, ಗೇರ್‌ಬಾಕ್ಸ್ ಹೌಸಿಂಗ್, ಎಲ್‌ಇಡಿ ಬೀದಿದೀಪದ ಬಾಡಿ, ಇವತ್ತು 6,000 ಟನ್ ಮಷಿನ್ನಲ್ಲಿ ಎಲೆಕ್ಟ್ರಿಕ್ ಕಾರಿನ ಹಿಂಭಾಗದ ತಳವನ್ನೇ ಒಂದೇ ಶಾಟಲ್ಲಿ ಹೊಡೀತಾರೆ. ಲೋ ಪ್ರೆಷರ್‌ನಲ್ಲಿ ಲೋಹ ಕೆಳಗಿನ ಭಟ್ಟಿಯಿಂದ ಪೈಪಿನ ಮೂಲಕ ನಿಧಾನಕ್ಕೆ ಮೇಲೇರುತ್ತೆ, ಒಂದು ಬಾರ್ ಒತ್ತಡವೂ ಬೇಕಾಗಲ್ಲ, ಕಾರಿನ ಅಲಾಯ್ ವ್ಹೀಲ್ ಬಹುಪಾಲು ಹೀಗೇ ಬರೋದು. ಮೆಗ್ನೀಷಿಯಂ ಹಗುರ, ಆದ್ರೆ ಬೆಂಕಿ ಹಿಡಿಯೋ ಲೋಹ, ನೀರು ಹಾಕಿದ್ರೆ ಇನ್ನೂ ಜೋರಾಗಿ ಉರಿಯುತ್ತೆ, ಸಣ್ಣ ಶೆಡ್ಡಲ್ಲಿ ಯಾರೂ ಕೈ ಹಾಕಬೇಡಿ. ಹಿತ್ತಾಳೆನೂ ಡೈಯಲ್ಲಿ ಆಗುತ್ತೆ, 900 ಡಿಗ್ರಿ ಮೇಲಿನ ಶಾಖಕ್ಕೆ ಡೈ ಬೇಗ ಬಿರುಕು ಬಿಡುತ್ತೆ ಅಷ್ಟೆ.

ಪಂಪಿನವರು ಅಂತ ಇನ್ನೊಂದು ಹೇಳಲೇಬೇಕು, ರೋಟರ್ (ಮೋಟರೊಳಗೆ ತಿರುಗೋ ಭಾಗ). ಮಾನೋಬ್ಲಾಕ್ ಮೋಟರಿನ ರೋಟರ್ ಒಳಗಿನ ಬಾರ್ರು, ಎಂಡ್ ರಿಂಗು, ಇದೂ ಡೈ ಕಾಸ್ಟಿಂಗೇ, ಸ್ಟ್ಯಾಂಪಿಂಗ್ (ತೆಳು ಉಕ್ಕಿನ ಹಾಳೆ) ಜೋಡಿಸಿ ಅದರೊಳಗೇ ಅಲ್ಯೂಮಿನಿಯಂ ಹೊಡೀತಾರೆ. ಅಲ್ಲಿ ಅಲಾಯ್ ಹಾಕಂಗಿಲ್ಲ, 99.7 ಶುದ್ಧದ್ದೇ ಬೇಕು. ಎಡಿಸಿ 12ರಂಥ ಅಲಾಯ್ ಕರೆಂಟ್ ಒಯ್ಯೋದು ಶುದ್ಧ ಅಲ್ಯೂಮಿನಿಯಂನ ಅರ್ಧಕ್ಕಿಂತ ಕಮ್ಮಿ. ಕಮ್ಮಿ ರೇಟಿಗೆ ಸಿಗುತ್ತೆ ಅಂತ ಗುಜರಿ ರೋಟರ್ ಹಾಕಿದ ಮೋಟರ್ ಜಗಳೂರು, ಚಳ್ಳಕೆರೆ ಕಡೆಯ ಲೋ ವೋಲ್ಟೇಜಲ್ಲಿ ಓಡಿದ್ರೆ ಸ್ಪೀಡ್ ಬೀಳುತ್ತೆ, ಕಾದು ವೈಂಡಿಂಗ್ ಸುಡುತ್ತೆ, ರೈತ ಬೈಯೋದು ಕರೆಂಟಿನವರನ್ನ. ಇದು ನೋಡಿದಾಗೆಲ್ಲ ಸಂಕಟ ಆಗುತ್ತೆ.

ನಿಮ್ಮ ಕವರ್‌ಗೆ ನನ್ನ ಸಲಹೆ ಗ್ರ್ಯಾವಿಟಿ ಡೈ ಕಾಸ್ಟಿಂಗ್. ಬೀಡು ಅಥವಾ ಸ್ಟೀಲಿನ ಡೈ, ಒತ್ತಡ ಇಲ್ಲ, ಲೋಹ ತನ್ನ ತೂಕಕ್ಕೇ ಇಳಿಯುತ್ತೆ, ಟಿಲ್ಟಿಂಗ್ ಮಷಿನ್ ಇದ್ರೆ ಇನ್ನೂ ಶಾಂತವಾಗಿ ತುಂಬುತ್ತೆ. ಗಾಳಿ ಸಿಕ್ಕಿಕೊಳ್ಳೋದು ಬಹಳ ಕಮ್ಮಿ, ದಪ್ಪ ಹಬ್ಬಿನ ಮೇಲೆ ರೈಸರ್ (ಕುಗ್ಗುವಾಗ ಲೋಹ ಕೊಡೋ ಗುಂಡಿ) ಇಡಬಹುದು, ಹಾಗಾಗಿ ಬೋರ್ ಮಾಡಿದ್ರೂ ಒಳಗೆ ಗಟ್ಟಿ ಸಿಗುತ್ತೆ, ಎಲ್‌ಎಂ 25 ಅನ್ನೋ ಅಲ್ಯೂಮಿನಿಯಂ ಅಲಾಯ್‌ಗೆ ಟಿ6 ಕೊಡಬಹುದು, ಪೌಡರ್ ಕೋಟಿಂಗೂ ನಡಿಯುತ್ತೆ. ಗೋಡೆ 4-5 ಮಿಲಿಮೀಟರ್‌ಗಿಂತ ತೆಳು ಮಾಡೋಕಾಗಲ್ಲ, ಫಿನಿಷ್ ಪ್ರೆಷರ್ ಡೈಯಷ್ಟು ನುಣುಪಿರಲ್ಲ, ಒಂದೊಂದು ಪೀಸಿಗೆ ಕೆಲವು ನಿಮಿಷ ಹಿಡಿಯುತ್ತೆ. ಆದ್ರೆ ನಿಮಗೆ ಬೇಕಿರೋದು ತಿಂಗಳಿಗೆ 400, ದಿನಕ್ಕೆ 16 ಪೀಸ್. ಪ್ರೆಷರ್ ಡೈ ಮಷಿನ್ ಅಷ್ಟನ್ನ ಒಂದು ಗಂಟೆಯೊಳಗೆ ಹೊಡೆದು ಉಳಿದ ದಿನ ಸುಮ್ಮನೆ ನಿಲ್ಲುತ್ತೆ.

ದುಡ್ಡಿನ ಲೆಕ್ಕನೂ ಹಾಕಿ ನೋಡಿ. ಪ್ರೆಷರ್ ಡೈ ಒಂದಕ್ಕೆ 5 ಲಕ್ಷ, ಗ್ರ್ಯಾವಿಟಿ ಡೈಗೆ 80 ಸಾವಿರ ಅಂತ ಲೆಕ್ಕಕ್ಕೆ ಹಿಡಿಯೋಣ, ನಿಮ್ಮ ಕೊಟೇಶನ್ ಬಂದ ಮೇಲೆ ಆ ನಂಬರ್ ಹಾಕ್ಕೊಳ್ಳಿ. ಒಂದು ಸೈಜಿಗೆ ತಿಂಗಳಿಗೆ 100 ಅಂದ್ರೆ ಮೂರು ವರ್ಷಕ್ಕೆ 3,600 ಪೀಸ್. ಡೈ ಖರ್ಚೊಂದೇ ಪ್ರೆಷರ್‌ನಲ್ಲಿ ಪೀಸಿಗೆ 139 ರೂಪಾಯಿ ಬೀಳುತ್ತೆ, ಗ್ರ್ಯಾವಿಟಿಯಲ್ಲಿ 22. ಎಚ್ 13 ಸ್ಟೀಲಿನ ಪ್ರೆಷರ್ ಡೈ ಚೆನ್ನಾಗಿ ನೋಡ್ಕೊಂಡ್ರೆ ಲಕ್ಷ ಶಾಟ್ ಬಾಳುತ್ತೆ, ನಿಮ್ಮ ಹತ್ರ ಅದು 3,600ಕ್ಕೇ ನಿಂತ್ರೆ ಆ ಆಯಸ್ಸಿಗೆ ಕೊಟ್ಟ ದುಡ್ಡು ವೇಸ್ಟು. ಮುಂದೆ ಯಾವುದಾದ್ರೂ ಒಂದು ಸೈಜ್ ತಿಂಗಳಿಗೆ ಸಾವಿರದ ಮೇಲೆ ಹೋದ್ರೆ ಆ ಒಂದಕ್ಕೆ ಮಾತ್ರ ಪ್ರೆಷರ್ ಡೈ ಮಾಡಿಸಿ, ಮಷಿನ್ ಇರೋರ ಹತ್ರ ಜಾಬ್‌ವರ್ಕ್ ಹೊಡೆಸಿ, ಡೈ ನಿಮ್ಮ ಹೆಸರಲ್ಲೇ ಇರಲಿ. ಫ್ಯಾನ್ ಕವರ್, ಟರ್ಮಿನಲ್ ಬಾಕ್ಸ್ ಥರ ತೆಳು ಮಾಲು, ಬೋರಿಂಗ್ ಇಲ್ಲದ್ದು, ಅಂಥದ್ದಕ್ಕೆ ಪ್ರೆಷರ್ ಡೈ ನಿಜಕ್ಕೂ ಚೆನ್ನಾಗಿರುತ್ತೆ.

ಅಪಾಯಗಳನ್ನೂ ಹೇಳ್ಬೇಕು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ. 6205 ಬೇರಿಂಗಿನ ಹೊರಗಿನ ವ್ಯಾಸ 52 ಮಿಲಿಮೀಟರ್, ಮೋಟರ್ 50 ಡಿಗ್ರಿ ಕಾದ್ರೆ ಸೀಟ್ ಬೇರಿಂಗಿಗಿಂತ ಸುಮಾರು 0.03 ಮಿಲಿಮೀಟರ್ ಜಾಸ್ತಿ ದೊಡ್ಡದಾಗುತ್ತೆ. ಬೀಡಿನ ಕವರ್‌ಗೆ ಇಡ್ತಿದ್ದ ಫಿಟ್ಟನ್ನೇ ಇಟ್ರೆ ಬೇರಿಂಗ್ ಹೊರಗಿನ ರೇಸ್ ಸೀಟಲ್ಲೇ ತಿರುಗೋಕೆ ಶುರುವಾಗಿ ಸೀಟ್ ತಿಂದುಹಾಕುತ್ತೆ, ಕಂಪ್ಲೇಂಟ್ ಬರೋದು ಆರು ತಿಂಗಳಾದ ಮೇಲೆ. ಅದಕ್ಕೆ ಹಬ್ಬೊಳಗೆ ಬೀಡಿನ ಅಥವಾ ಸ್ಟೀಲಿನ ರಿಂಗ್ ಇಟ್ಟೇ ಎರಕ ಹೊಯ್ಯೋದು ಒಳ್ಳೇದು, ರಿಂಗಿನ ಹೊರಗೆ ಗ್ರೂವ್ ಇರಲಿ, ಡೈಗೆ ಇಡೋ ಮೊದಲು ಕಾಯಿಸಿರಲಿ. ಇದನ್ನ ಪಾರ್ಟಿಯವರಿಗೆ ಮೊದಲೇ ಹೇಳಿ ಡ್ರಾಯಿಂಗಲ್ಲಿ ಬರೆಸಿ. ನೀರು ತಾಗೋ ಕಡೆಯ ಭಾಗಕ್ಕೆ ಎಡಿಸಿ 12 ಹಾಕಬೇಡಿ, ಅದರಲ್ಲಿ ತಾಮ್ರ ಇರುತ್ತೆ, ನಮ್ಮ ಬೋರ್‌ವೆಲ್‌ಗಳ ಉಪ್ಪು ನೀರಿಗೆ ಬೇಗ ತಿಂದುಹೋಗುತ್ತೆ. ಅಲ್ಲಿ ಬೀಡೇ ಇರಲಿ.

ನೀವೇ ಗ್ರ್ಯಾವಿಟಿ ಡೈ ಶುರು ಮಾಡೋದಾದ್ರೂ, ಮೊದಲ ಒಂದು ವರ್ಷ ಹೊರಗೆ ಹೊಡೆಸಿ ಅಂತೀನಿ. ಕರಗಿದ ಅಲ್ಯೂಮಿನಿಯಂಗೆ ಹವೆಯ ತೇವದಿಂದ ಹೈಡ್ರೋಜನ್ ಸೇರುತ್ತೆ, ಮಳೆಗಾಲದಲ್ಲಿ ಪಿನ್‌ಹೋಲ್ ಜಾಸ್ತಿ ಬರೋದು ಅದಕ್ಕೇ, ಡೀಗ್ಯಾಸ್ ಮಾಡದೆ, ಅಂದ್ರೆ ಆ ಹೈಡ್ರೋಜನ್ ತೆಗೆಯದೆ, ಸುರಿದ್ರೆ ಗ್ರ್ಯಾವಿಟಿಯಲ್ಲೂ ತೂತು ತಪ್ಪಲ್ಲ. ಒದ್ದೆ ಇಂಗಾಟ್, ಒದ್ದೆ ಸೌಟು ಭಟ್ಟಿಗೆ ಹೋದ್ರೆ ನೀರು ಆವಿಯಾಗಿ ಸಿಡಿಯುತ್ತೆ, ಬರೀ ಚಿಮ್ಮೋದಲ್ಲ, ಸ್ಫೋಟವೇ. ಹುಡುಗರಿಗೆ ಪಾಲಿಯೆಸ್ಟರ್ ಬಟ್ಟೆ ಬೇಡ, ಅದು ಕರಗಿ ಚರ್ಮಕ್ಕೆ ಅಂಟುತ್ತೆ, ದಪ್ಪ ಹತ್ತಿ ಬಟ್ಟೆ, ಲೆದರ್ ಏಪ್ರನ್, ಮುಖಕ್ಕೆ ಶೀಲ್ಡ್ ಕೊಡಿಸಿ, ಚಪ್ಪಲಿ ಹಾಕಿದವರನ್ನ ಭಟ್ಟಿ ಹತ್ರ ಬಿಡಲೇಬೇಡಿ. ಇದರಲ್ಲಿ ಉಳಿಸೋ ದುಡ್ಡು ಯಾರಿಗೂ ಬೇಡ.

ಜಾಬ್‌ವರ್ಕಿನವರ ಹತ್ರ ಹೋದಾಗ ಮೂರು ವಿಷಯ ಕೇಳಿ: ಇಂಗಾಟ್ ಯಾವ ಗ್ರೇಡು ಸರ್ಟಿಫಿಕೇಟ್ ಇದೆಯಾ, ಡೀಗ್ಯಾಸ್ ಹೇಗೆ ಮಾಡ್ತೀರಿ, ತಮ್ಮ ರನ್ನರ್ ಸ್ಕ್ರ್ಯಾಪನ್ನ ಹೊಸ ಇಂಗಾಟಿಗೆ ಎಷ್ಟು ಸೇರಿಸ್ತೀರಿ. ಮೊದಲ ಲಾಟಲ್ಲಿ ಬಂದ ಪೀಸಲ್ಲಿ ಐದನ್ನ ಹಬ್ಬಿನ ನಡುವೆ ಗರಗಸ ಹಾಕಿ ಎರಡು ಹೋಳು ಮಾಡಿ, ಎಮರಿ ಪೇಪರಲ್ಲಿ ಉಜ್ಜಿ ಲೆನ್ಸಲ್ಲಿ ನೋಡಿ, ಒಳಗೆ ಗಟ್ಟಿ ಇದ್ರೆ ಇನ್ನೊಂದು ಐದನ್ನ ಪೌಡರ್ ಕೋಟಿಂಗ್ ಓವನ್‌ಗೆ ಹಾಕಿಸಿ. ಎರಡರಲ್ಲೂ ಪಾಸಾದ ಮೇಲೇ ಬಾಕಿ ಡೈಗಳಿಗೆ ಅಡ್ವಾನ್ಸ್ ಕೊಡಿ.